ಕತ್ತಲೆ ಕಾನಿಗೂ ಅಳಿವೆಯ ಬಯಲಿಗೂ ಒಂದೇ ದುರ್ಬೀನು ಸಾಕೇ?

ಪ್ರಶ್ನೆ: ನನಗೆ 53 ವರ್ಷ. ಸಿದ್ದಾಪುರದ ಹತ್ತಿರ ಅಡಿಕೆ ತೋಟ, ಮನೆ ಹಿಂದೆಯೇ ಕಾನು. ಸಿಂಗಳೀಕ, ಮಂಗಟ್ಟೆ, ಕಾಕರಣೆ ಹಕ್ಕಿ ನೋಡುವ ಹುಚ್ಚು. ಚಳಿಗಾಲದಲ್ಲಿ ಕುಮಟಾ ಕಡೆ ಹೋದಾಗ ಅಘನಾಶಿನಿ ಅಳಿವೆಯಲ್ಲಿ ವಲಸೆ ಹಕ್ಕಿಗಳನ್ನೂ ನೋಡುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದ 20×50 ದುರ್ಬೀನು ಇದೆ. ಕಾನಿನೊಳಗೆ ಅದರಲ್ಲಿ ಬರೀ ಕಪ್ಪು, ಅಳಿವೆಯಲ್ಲಿ ಹಕ್ಕಿ ಕುಣಿಯುತ್ತದೆ, ಹತ್ತು ನಿಮಿಷಕ್ಕೆ ತಲೆನೋವು. ಅಂಗಡಿಯವರು 12×50 ತೆಗೆದುಕೊಳ್ಳಿ ಎನ್ನುತ್ತಾರೆ. ಕೊಲರಾಡೊದಲ್ಲಿರುವ ಅಕ್ಕನ ಮಗ, ಅಲ್ಲಿನ ಬೇಟೆಗಾರರು ದೂರಕ್ಕೆ 15×56 ಬಳಸುತ್ತಾರೆ, ಬರುವಾಗ ತರಲೇ ಎಂದು ಕೇಳಿದ್ದಾನೆ. ಕನ್ನಡಕ ಮೈನಸ್ 2, ಸಿಲಿಂಡರ್ 1.25, ಪ್ರೋಗ್ರೆಸಿವ್. ಬಜೆಟ್ 15ರಿಂದ 20 ಸಾವಿರ. ಒಂದೇ ಸಾಕೇ, ಎರಡು ಬೇಕೇ? ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಏನು ಮಾಡಲಿ? ಹಳೆಯದನ್ನು ಏನು ಮಾಡಲಿ?

ಉತ್ತರ: ಒಂದೇ ಸಾಕು. 8×42, ನೀರು ನುಗ್ಗದಂಥದ್ದು, ಕನ್ನಡಕ ಹಾಕಿಕೊಂಡೇ ನೋಡಲು ಬರುವಂಥದ್ದು. ಉಳಿದ ದುಡ್ಡಿನಲ್ಲಿ ಒಂದು ಟ್ರೈಪಾಡ್, ಅದಕ್ಕೆ ದುರ್ಬೀನು ಕೂರಿಸುವ ಅಡಾಪ್ಟರ್. 12×50 ಬೇಡ. 15×56 ಒಳ್ಳೆಯ ವಸ್ತುವೇ, ಆದರೆ ನಿಮ್ಮ ಕೆಲಸಕ್ಕಲ್ಲ.

ನಿಮ್ಮ ಮೂರು ದೂರುಗಳೂ, ಅಂದರೆ ಕತ್ತಲೆ, ಕುಣಿತ, ತಲೆನೋವು, ಹೆಚ್ಚಿನ ಪಾಲು ಆ 20 ಎಂಬ ಅಂಕಿಯಿಂದಲೇ ಹುಟ್ಟಿದವು. ಮೊದಲನೇ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಉತ್ತರ ಕಾನಿನಲ್ಲಿ ಈ ಎರಡಕ್ಕಿಂತ ಮುಖ್ಯ. ದುರ್ಬೀನನ್ನು ಬಿಳಿ ಗೋಡೆಗೆ ಮುಖ ಮಾಡಿ ಕಣ್ಣಿನಿಂದ ಒಂದು ಮೊಳ ದೂರದಲ್ಲಿ ಹಿಡಿಯಿರಿ. ಕಣ್ಣಿಡುವ ಗಾಜಿನಲ್ಲಿ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಅದೇ ಎಕ್ಸಿಟ್ ಪ್ಯೂಪಿಲ್, ನಿಮ್ಮ ಕಣ್ಣಿಗೆ ಸಿಗುವ ಬೆಳಕಿನ ಕಂಬದ ಅಗಲ. 20×50ರಲ್ಲಿ ಅದು 2.5 ಮಿ.ಮೀ., 12×50ರಲ್ಲಿ 4.2, 8×42ರಲ್ಲಿ 5.25.

ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿ.ಮೀ.ಗೆ ಕುಗ್ಗಿರುತ್ತದೆ, ಅಲ್ಲಿ 2.5ರ ಕಂಬವೂ ನಡೆಯುತ್ತದೆ. ಕಾನಿನ ನೆರಳಲ್ಲಿ, ಅದರಲ್ಲೂ ಬೆಳಿಗ್ಗೆ ಆರೂವರೆಗೆ, ಪಾಪೆ ಹಿಗ್ಗುತ್ತದೆ. ಹರೆಯದವರಲ್ಲಿ ಅದು 7 ಮಿ.ಮೀ.ವರೆಗೂ ಹೋಗಬಹುದು, ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ 5ರ ಆಸುಪಾಸಿಗೆ ನಿಲ್ಲುತ್ತದೆ. 5 ಮಿ.ಮೀ. ತೆರೆದ ಪಾಪೆಗೆ 2.5ರ ಕಂಬ ಬಿಟ್ಟರೆ ಸಿಗುವ ಬೆಳಕು ಕಾಲು ಭಾಗ ಮಾತ್ರ, ಏಕೆಂದರೆ ಲೆಕ್ಕ ಅಗಲದ್ದಲ್ಲ, ವಿಸ್ತೀರ್ಣದ್ದು. ಸಿಂಗಳೀಕ ಕರಿಮೈಯ ಪ್ರಾಣಿ, ಕೂರುವುದು ಕಪ್ಪು ಎಲೆಗಳ ನಡುವೆ. ಕಾಲು ಭಾಗ ಬೆಳಕಿನಲ್ಲಿ ಅದರ ಮುಖದ ಸುತ್ತಲಿನ ಬೂದು ಕೇಸರವೂ ಕಪ್ಪೇ. ನಿಮ್ಮ ವಯಸ್ಸಿಗೆ 5.25 ಬೇಕಾದಷ್ಟಾಯಿತು. 8×56 ತೆಗೆದುಕೊಂಡರೆ ಕಂಬ 7 ಮಿ.ಮೀ. ಆಗುತ್ತದೆ, ಆದರೆ ಹೆಚ್ಚುವರಿ ಬೆಳಕು ಪಾಪೆಯ ಹೊರಗೇ ಬೀಳುತ್ತದೆ, ಕುತ್ತಿಗೆಗೆ ಭಾರ ಮಾತ್ರ ಉಳಿಯುತ್ತದೆ.

ಅಂಗಡಿಯವರು 12×50 ಹೇಳಲು ಕಾರಣ ಬಹುಶಃ ‘ಟ್ವೈಲೈಟ್ ಫ್ಯಾಕ್ಟರ್’. ಮಬ್ಬು ಬೆಳಕಿನಲ್ಲಿ ಎಷ್ಟು ಕಾಣುತ್ತದೆ ಎಂದು ಹೇಳಲು ಡಬ್ಬಿಯ ಮೇಲೆ ಅಚ್ಚಾಗಿರುವ ಈ ಅಂಕಿ ಎರಡು ಸಂಖ್ಯೆಗಳ ಗುಣಲಬ್ಧದ ವರ್ಗಮೂಲ, ಅಷ್ಟೇ. 8×42ಕ್ಕೆ 18.3 ಬರುತ್ತದೆ, 12×50ಕ್ಕೆ 24.5. ಅದೇ ಸೂತ್ರದಲ್ಲಿ ನಿಮ್ಮ 20×50ಕ್ಕೆ 31.6. ಕಾನಿನಲ್ಲಿ ಏನೂ ತೋರಿಸದ ದುರ್ಬೀನೇ ಮೊದಲ ರ‍್ಯಾಂಕು! ಗಾಜಿನ ಗುಣ, ಲೇಪ, ಕೈನಡುಕ ಯಾವುದೂ ಆ ಸೂತ್ರದೊಳಗೆ ಇಲ್ಲ. ‘ನೈಟ್ ವಿಷನ್’ ಎಂದು ಬರೆದ ಅಗ್ಗದ ದುರ್ಬೀನುಗಳದ್ದೂ ಇದೇ ಕಥೆ. ಕನ್ನಡಿಯಂತೆ ಕೆಂಪಗೆ ಹೊಳೆಯುವ ‘ರೂಬಿ’ ಗಾಜು ಇನ್ನೂ ಕೆಟ್ಟದ್ದು. ಅದು ಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ನೋಟ ಹಸಿರು-ನೀಲಿಗೆ ತಿರುಗುತ್ತದೆ. ಗಂಡು ಕಾಕರಣೆಯ ಕೆಂಪು ಹೊಟ್ಟೆ ನೋಡಲು ಹೋದವರಿಗೆ ಇದಕ್ಕಿಂತ ಅಪಚಾರ ಬೇರೆ ಇಲ್ಲ.

ಕಾನಿನಲ್ಲಿ ಬೆಳಕಿನ ಜೊತೆ ಬೇಕಾದದ್ದು ನೋಟದ ಅಗಲ. ಇದನ್ನು 1000 ಮೀಟರಿಗೆ ಇಷ್ಟು ಮೀಟರ್ ಎಂದೋ, ಡಿಗ್ರಿಯಲ್ಲೋ ಕೊಟ್ಟಿರುತ್ತಾರೆ. ಒಂದು ಡಿಗ್ರಿ ಎಂದರೆ 1000 ಮೀಟರಿಗೆ 17.5 ಮೀಟರ್. ಒಳ್ಳೆಯ 8×42ರಲ್ಲಿ 7.5 ಡಿಗ್ರಿಯಷ್ಟು ಇರುತ್ತದೆ. ಇಪ್ಪತ್ತು ಮೀಟರ್ ದೂರದ ಕೊಂಬೆಯ ಮೇಲೆ ಅದು 2.6 ಮೀಟರ್ ಜಾಗ ತೋರಿಸುತ್ತದೆ. 15×56ರಲ್ಲಿ ನೋಟ ಸಾಮಾನ್ಯವಾಗಿ 4.5 ಡಿಗ್ರಿ, ಅಂದರೆ ಅದೇ ಕೊಂಬೆಯಲ್ಲಿ 1.6 ಮೀಟರ್. ಹಕ್ಕಿ ಹಾರಿ ಪಕ್ಕದ ಕೊಂಬೆಗೆ ಕೂತರೆ ಮತ್ತೆ ಹುಡುಕಬೇಕು, ಹುಡುಕುವಷ್ಟರಲ್ಲಿ ಅದು ಇನ್ನೊಂದು ಮರದಲ್ಲಿ. ಎಲೆಗಳ ಸಂದಿಯಲ್ಲಿ ನೋಡುವಾಗ ಇನ್ನೊಂದು ತೊಡಕು ಇದೆ: ವರ್ಧನೆ ಹೆಚ್ಚಿದಷ್ಟೂ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಆಳ ಅದರ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. 8ಕ್ಕೆ ಹೋಲಿಸಿದರೆ 10ರಲ್ಲಿ ಆಳ ಸುಮಾರು ಒಂದೂವರೆ ಪಟ್ಟು ಕಡಿಮೆ, 20ರಲ್ಲಿ ಆರು ಪಟ್ಟು ಕಡಿಮೆ. ನಿಮ್ಮ 20×50ರಲ್ಲಿ ಫೋಕಸ್ ಚಕ್ರ ತಿರುಗಿಸುತ್ತಲೇ ಇರಬೇಕಾಗಿ ಬರುವುದು ಇದಕ್ಕೇ.

ಈಗ ಅಕ್ಕನ ಮಗನ ಮಾತು. ಅವನು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಕೊಲರಾಡೊದಂಥ ಪಶ್ಚಿಮದ ರಾಜ್ಯಗಳಲ್ಲಿ ಪರವಾನಗಿ ಪಡೆದು ಎಲ್ಕ್, ಮ್ಯೂಲ್ ಜಿಂಕೆ ಬೇಟೆಯಾಡುವವರು ಒಂದು ಗುಡ್ಡದ ಮೇಲೆ ಕೂತು, ಎದುರಿನ ಬೋಳು ಇಳಿಜಾರನ್ನು ಒಂದೆರಡು ಕಿಲೋಮೀಟರ್ ದೂರದಿಂದ ಗಂಟೆಗಟ್ಟಲೆ ತಡಕುತ್ತಾರೆ. 15×56 ಇರುವುದು ಆ ಕೆಲಸಕ್ಕೆ, ಅದೂ ಟ್ರೈಪಾಡಿನ ಮೇಲೆ. ಅದರ ತೂಕವೇ ಒಂದು ಕಿಲೋಗಿಂತ ಹೆಚ್ಚು. ಅದೇ ಜನ ಸ್ಪ್ರೂಸ್, ಫರ್ ಮರಗಳ ದಟ್ಟ ಕಾಡಿನೊಳಗೆ ಕಾಲಿಟ್ಟರೆ ಕುತ್ತಿಗೆಯಲ್ಲಿ ಇರುವುದು 8 ಅಥವಾ 10. ‘ಹಂಟಿಂಗ್’ ಎಂದು ಬರೆದ, ಎಲೆಚಿತ್ರದ ಹೊದಿಕೆಯ ದುರ್ಬೀನಿನ ಒಳಗೆ ಬೇರೆ ಗಾಜು ಇರುವುದಿಲ್ಲ. ದೂರ ಅಳೆಯುವ ಲೇಸರ್ ಇರುವಂಥದ್ದು ಗುಂಡು ಹಾರಿಸುವವರಿಗೆ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆಲದಲ್ಲಿ ಅದಕ್ಕೆ ದುಡ್ಡು ಸುರಿಯಬೇಡಿ. ಅಲ್ಲಿಂದ ತರಿಸುವುದೇ ಆದರೆ 8×42ನ್ನೇ ತರಿಸಿ, ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಕಂಪನಿಯನ್ನು ಮೊದಲೇ ಕೇಳಲಿ.

ಅಳಿವೆಯ ವಿಷಯಕ್ಕೆ ಬರೋಣ, ನಿಮ್ಮ ಅನುಮಾನ ಇರುವುದು ಅಲ್ಲಿ. ಚೆನ್ನಾಗಿ ಕಾಣುವ ಕಣ್ಣು ಸುಮಾರು ಒಂದು ಆರ್ಕ್-ಮಿನಿಟಿನಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು, ಸಣ್ಣ ವಿವರ ಬೇರ್ಪಡಿಸುತ್ತದೆ. 300 ಮೀಟರ್ ದೂರದಲ್ಲಿ ಅದು 9 ಸೆಂ.ಮೀ. ಆಗುತ್ತದೆ. 8× ಹಿಡಿದರೆ 1.1 ಸೆಂ.ಮೀ., 10×ನಲ್ಲಿ 0.9 ಸೆಂ.ಮೀ. ಎರಡು ಮಿಲಿಮೀಟರಿನ ಲಾಭ. ಇದು ದುರ್ಬೀನು ಕಲ್ಲಿನಂತೆ ನಿಂತಾಗಿನ ಲೆಕ್ಕ. ಕೈಯಲ್ಲಿ ಹಿಡಿದಾಗ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ, ಹಾಗಾಗಿ ಆ ಎರಡು ಮಿಲಿಮೀಟರು ಬಹಳ ಜನರಿಗೆ ಸಿಗುವುದೇ ಇಲ್ಲ. 12×ನ್ನು ಕೈಯಲ್ಲಿ ಹಿಡಿದು ನೋಡುವವನಿಗಿಂತ 8×ನ್ನು ಟ್ರೈಪಾಡಿನಲ್ಲಿಟ್ಟು ನೋಡುವವನು ಗೊರವದ ಕಾಲಿನ ಬಣ್ಣವನ್ನು ಮೊದಲು ಹೇಳುತ್ತಾನೆ.

ಹೆಚ್ಚಿನ 8×42ಗಳಲ್ಲಿ ಎರಡು ಕೊಳವೆಗಳನ್ನು ಸೇರಿಸುವ ತಿರುಗಣಿಯ ಮುಂದೆ ಸಣ್ಣ ಮುಚ್ಚಳ ಇರುತ್ತದೆ. ತಿರುಗಿಸಿ ತೆಗೆದರೆ ಒಳಗೆ ಕಾಲಿಂಚಿನ ಸ್ಕ್ರೂ ಮರೆ, ಅಂದರೆ ಸ್ಕ್ರೂ ತಿರುಗಿಸಿ ಕೂರಿಸುವ ತೂತು. ‘ಎಲ್’ ಆಕಾರದ ಅಡಾಪ್ಟರ್ ಅಲ್ಲಿ ಕೂರುತ್ತದೆ, ಅದರ ಕೆಳತುದಿ ಸಾಮಾನ್ಯ ಕ್ಯಾಮೆರಾ ಟ್ರೈಪಾಡಿಗೆ. ಕೊಳ್ಳುವ ಮೊದಲು ಈ ಮರೆ ಇದೆಯೇ ನೋಡಿ, ಕೆಲವು ಅಗ್ಗದ ಮಾದರಿಗಳಲ್ಲಿ ಇರುವುದಿಲ್ಲ. ಟ್ರೈಪಾಡ್ ಒಯ್ಯುವ ಮನಸ್ಸಿಲ್ಲದ ದಿನ ದಂಡೆಯ ಮೇಲೆ ಕುಳಿತು, ಎರಡೂ ಮೊಣಕೈ ಮೊಣಕಾಲಿಗೆ ಊರಿ, ಹೆಬ್ಬೆರಳುಗಳನ್ನು ಕೆನ್ನೆಮೂಳೆಗೆ ಒತ್ತಿ ಹಿಡಿಯಿರಿ. ಊರುಗೋಲಿನ ತುದಿಗೆ ದುರ್ಬೀನು ಆನಿಸಿದರೂ ಅರ್ಧ ನಡುಕ ಹೋಗುತ್ತದೆ.

ಎಷ್ಟೇ ಬೆಲೆಯ ಗಾಜು ತಂದರೂ ಗೆಲ್ಲಲಾಗದ್ದು ಬಿಸಿಗಾಳಿಯ ಅಲೆ. ಕೆಸರು ಬಯಲು ಕಾದ ಮೇಲೆ ಅದರ ಮೇಲಿನ ಗಾಳಿ ನಡುಗುತ್ತದೆ, ಹಕ್ಕಿಯ ಅಂಚು ಕರಗಿದಂತೆ ಕಾಣುತ್ತದೆ. ವರ್ಧನೆ ಹೆಚ್ಚಿಸಿದರೆ ಆ ನಡುಕವೂ ದೊಡ್ಡದಾಗುತ್ತದೆ, ಅಷ್ಟೇ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ನೋಡಿ, ಸೂರ್ಯ ಬೆನ್ನಿಗೆ ಇರುವ ದಂಡೆ ಆರಿಸಿಕೊಳ್ಳಿ. ಇದಕ್ಕಿಂತ ದೊಡ್ಡ ಉಪಾಯ ಉಬ್ಬರ-ಇಳಿತದ ಪಟ್ಟಿ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಉದ್ದಗಲಕ್ಕೂ ಚದುರಿರುತ್ತವೆ. ನೀರು ಏರತೊಡಗಿದಂತೆ ಅವುಗಳ ಜಾಗ ಕಿರಿದಾಗಿ ದಂಡೆಯ ಕಡೆ ಒತ್ತೊತ್ತಾಗಿ ಬರುತ್ತವೆ. ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮೊದಲು ಹೋಗಿ ಸುಮ್ಮನೆ ಕೂತರೆ 300 ಮೀಟರಿನ ಹಕ್ಕಿ 80 ಮೀಟರಿಗೆ ತಾನೇ ಬರಬಹುದು. ಯಾವ ದುರ್ಬೀನೂ ಪುಕ್ಕಟೆಯಾಗಿ ಇಷ್ಟು ಹತ್ತಿರ ತರುವುದಿಲ್ಲ. ಮೀನುಗಾರರನ್ನು ಕೇಳಿದರೆ ಅವತ್ತಿನ ಉಬ್ಬರದ ಹೊತ್ತನ್ನು ಫೋನು ನೋಡದೆಯೇ ಹೇಳುತ್ತಾರೆ.

ಹಾಗಾದರೆ 10×42 ಏಕೆ ಬೇಡ ಎಂದು ನೀವು ಕೇಳಬಹುದು. ಬೇಡವೇ ಬೇಡ ಎಂದೇನಿಲ್ಲ. ನಿಮ್ಮ ನೋಟದಲ್ಲಿ ಮುಕ್ಕಾಲು ಪಾಲು ಅಳಿವೆ, ಕೆರೆ, ಬಯಲು ಆಗಿದ್ದರೆ, ಕೈ ಗಟ್ಟಿಯಿದ್ದರೆ 10×42 ಸರಿಯಾದ ಆಯ್ಕೆ. ಆದರೆ ಮನೆ ಹಿಂದೆಯೇ ಕಾನು ಇರುವವರು ದಿನಾ ಕಾನನ್ನೇ ನೋಡುತ್ತಾರೆ. ಅಲ್ಲಿ 4.2ರ ಕಂಬ, ಕಿರಿದಾದ ನೋಟ, ಕಡಿಮೆ ಆಳ ಮೂರೂ ಸೇರಿ ಕಾಡುತ್ತವೆ. 8×32 ಹಗುರ, ತೋಟದ ಕೆಲಸದ ನಡುವೆ ಕುತ್ತಿಗೆಯಲ್ಲಿ ಇದೆಯೆಂದೇ ಗೊತ್ತಾಗುವುದಿಲ್ಲ. ಆದರೆ ಕಂಬ 4 ಮಿ.ಮೀ., ಮುಂಜಾನೆ ಮತ್ತು ಮೋಡದ ದಿನ ಕೊರತೆ ಕಾಣುತ್ತದೆ. ನಡುಕ ತಡೆಯುವ ಎಲೆಕ್ಟ್ರಾನಿಕ್ ದುರ್ಬೀನುಗಳು ಅಳಿವೆಗೆ ನಿಜಕ್ಕೂ ಚೆನ್ನ. ಬೆಲೆ ನಿಮ್ಮ ಬಜೆಟ್ಟಿನಾಚೆ, ಬ್ಯಾಟರಿ ಬೇಕು, ಕ್ಯಾನನ್‌ನ 10×30ರಂಥ ಸಣ್ಣ ಮಾದರಿಗಳು ಜಲನಿರೋಧಕವೂ ಅಲ್ಲ. ಮುಂದೆ ಎಂದಾದರೂ ಅಳಿವೆಯ ಹುಚ್ಚು ಹೆಚ್ಚಾದರೆ ಎರಡನೇ ದುರ್ಬೀನಿನ ಬದಲು 65 ಮಿ.ಮೀ.ನ ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡಿನ ಮೇಲಿಟ್ಟು ನೋಡುವ ಒಂಟಿ ಕೊಳವೆಯ ದೂರದರ್ಶಕ) ನೋಡಿ, ಇಬ್ಬರು ಮೂವರು ಸೇರಿ ಕೊಂಡರೂ ಆಯಿತು. ‘ಜೂಮ್’ ದುರ್ಬೀನು ಮಾತ್ರ ಯಾವ ಬೆಲೆಗೂ ಬೇಡ. ಎರಡೂ ಕಡೆಯ ಜೂಮ್ ಒಂದೇ ಸಮನಾಗಿ ಚಲಿಸುವಂತೆ ಅಗ್ಗದಲ್ಲಿ ಮಾಡಲು ಆಗುವುದಿಲ್ಲ, ನೋಟವೂ ಕಿರಿದು.

ಕೊಳ್ಳುವಾಗ ವಿವರಪಟ್ಟಿಯಲ್ಲಿ ಹುಡುಕಬೇಕಾದ್ದು ಕೆಲವೇ ಮಾತು. ಮೊದಲನೆಯದು ‘ಫುಲ್ಲಿ ಮಲ್ಟಿಕೋಟೆಡ್’. ಲೇಪ ಇಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲಿ ಸುಮಾರು ಶೇ. 4ರಷ್ಟು ಬೆಳಕು ಪ್ರತಿಫಲಿಸಿ ಪೋಲಾಗುತ್ತದೆ, ದುರ್ಬೀನಿನೊಳಗೆ ಅಂಥ ಮೇಲ್ಮೈ ಹತ್ತಕ್ಕಿಂತ ಹೆಚ್ಚಿರುತ್ತವೆ. ಬರೀ ‘ಕೋಟೆಡ್’ ಎಂದಿದ್ದರೆ ಒಂದೆರಡಕ್ಕೆ ಮಾತ್ರ ಲೇಪ ಎಂದು ತಿಳಿಯಿರಿ. ಎರಡನೆಯದು ‘ಫೇಸ್ ಕೋಟಿಂಗ್’. ನೇರ ಕೊಳವೆಯ, ಅಂದರೆ ರೂಫ್ ಪ್ರಿಸಂ ದುರ್ಬೀನಿನಲ್ಲಿ ಬೆಳಕು ಎರಡು ಹೋಳಾಗಿ ಮತ್ತೆ ಕೂಡುತ್ತದೆ, ಕೂಡುವಾಗ ಅಲೆಗಳ ತಾಳ ತಪ್ಪಿ ಸಣ್ಣ ವಿವರ ಮಸುಕಾಗುತ್ತದೆ. 1988ರಲ್ಲಿ ಝೈಸ್ ಕಂಪನಿ ಇದನ್ನು ಸರಿಪಡಿಸುವ ಲೇಪ ತಂದಿತು, ಈಗ ನಿಮ್ಮ ಬಜೆಟ್ಟಿನ ದುರ್ಬೀನುಗಳಲ್ಲೂ ಸಿಗುತ್ತದೆ. ಪ್ರಿಸಂನ ಕನ್ನಡಿಗೆ ‘ಡೈಎಲೆಕ್ಟ್ರಿಕ್’ ಲೇಪ ಇದ್ದರೆ ಇನ್ನೂ ಒಳ್ಳೆಯದು, ಬೆಳ್ಳಿಯದ್ದಾದರೂ ನಡೆಯುತ್ತದೆ. ‘ಇ.ಡಿ.’ ಗಾಜು ಇದ್ದರೆ ಬಿಳಿ ಆಕಾಶದ ಎದುರು ಕೂತ ಮಂಗಟ್ಟೆಯ ಅಂಚಿನಲ್ಲಿ ನೇರಳೆ ಗೆರೆ ಕಡಿಮೆ ಕಾಣುತ್ತದೆ. ಇದ್ದರೆ ಸಂತೋಷ, ಇಲ್ಲದಿದ್ದರೆ ಕೊರಗಬೇಡಿ.

ಅಂಕುಡೊಂಕು ಕೊಳವೆಯ ಹಳೇ ಮಾದರಿಯ ಪೋರೋ ದುರ್ಬೀನು, ಉದಾಹರಣೆಗೆ ನಿಕಾನ್ ಅಕ್ಯುಲಾನ್ ಅಥವಾ ಒಲಿಂಪಸ್ ಡಿಪಿಎಸ್, ಕೊಟ್ಟ ದುಡ್ಡಿಗೆ ಚಿತ್ರ ಚೆನ್ನಾಗಿ ಕೊಡುತ್ತದೆ. ಧಾರವಾಡದ ಆಚೆಯ ಒಣ ಸೀಮೆಯವರು ಕೇಳಿದ್ದರೆ ಅದನ್ನೇ ಹೇಳಬಹುದಿತ್ತು. ಅವು ನೀರಿಗೆ ಮುಚ್ಚಿದವಲ್ಲ. ಫೋಕಸ್ ಮಾಡುವಾಗ ಕಣ್ಣಿನ ಭಾಗ ಹಿಂದೆ ಮುಂದೆ ಸರಿದು ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ನಿಮ್ಮ ಊರಿನ ಜೂನ್-ಸೆಪ್ಟೆಂಬರ್ ಗಾಳಿಯಲ್ಲಿ ಏನಿರುತ್ತದೆ ಎಂದು ನಿಮಗೇ ಗೊತ್ತು. ನೈಟ್ರೋಜನ್ ತುಂಬಿ ಮುಚ್ಚಿದ ರೂಫ್ ಪ್ರಿಸಂನದ್ದೇ ನಿಮಗೆ ಸರಿ.

ಕನ್ನಡಕದ ಮಾತು. ಮೈನಸ್ 2 ಮಾತ್ರ ಆಗಿದ್ದರೆ ಕನ್ನಡಕ ತೆಗೆದು ಫೋಕಸ್ ಚಕ್ರದಲ್ಲೇ ಸರಿಪಡಿಸಿಕೊಳ್ಳಬಹುದಿತ್ತು. ಸಿಲಿಂಡರ್ ದೋಷವನ್ನು, ಅಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿರುವುದನ್ನು, ಯಾವ ಚಕ್ರವೂ ಸರಿಪಡಿಸದು, 1.25 ಎಂದರೆ ನಿರ್ಲಕ್ಷಿಸುವಷ್ಟು ಸಣ್ಣದೂ ಅಲ್ಲ. ಕನ್ನಡಕ ಹಾಕಿಕೊಂಡೇ ನೋಡಿ. ಅದಕ್ಕೆ ‘ಐ ರಿಲೀಫ್’, ಅಂದರೆ ಪೂರ್ತಿ ನೋಟ ಕಾಣುವಂತೆ ಕಣ್ಣಿಗೂ ಗಾಜಿಗೂ ನಡುವೆ ಬಿಡಬಹುದಾದ ದೂರ, ಕನಿಷ್ಠ 16 ಮಿ.ಮೀ. ಇರಲಿ, 17–18 ಇದ್ದರೆ ನಿರಾಳ. ಕಣ್ಣಿಡುವ ರಬ್ಬರ್ ಬಟ್ಟಲನ್ನು ಪೂರ್ತಿ ಒಳಗೆ ತಿರುಗಿಸಿಡಿ. ಪ್ರೋಗ್ರೆಸಿವ್ ಆದ್ದರಿಂದ ಗಾಜಿನ ಮೇಲಿನ ಅರ್ಧದಿಂದಲೇ ನೋಡಬೇಕು, ಗದ್ದವನ್ನು ತುಸು ತಗ್ಗಿಸಿ. ಕೆಳಭಾಗದ ಓದುವ ಪವರಿನಿಂದ ನೋಡಿದರೆ ಫೋಕಸ್ ಕೂತಂತೆ ಕಂಡು ಕೈಕೊಡುತ್ತದೆ.

ಬಂದ ದಿನವೇ, ವಾಪಸು ಕಳಿಸುವ ಅವಧಿ ಮುಗಿಯುವ ಮೊದಲು, ಹೀಗೆ ಪರೀಕ್ಷೆ ಮಾಡಿ. ಎರಡೂ ಕೊಳವೆಯನ್ನು ಹತ್ತಿರ-ದೂರ ಸರಿಸಿ ನೋಟ ಒಂದೇ ವೃತ್ತ ಆಗುವಂತೆ ಹೊಂದಿಸಿ. ಸುಮಾರು 50 ಮೀಟರ್ ದೂರದ ಬೋರ್ಡನ್ನು ಗುರಿ ಮಾಡಿ, ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದಿಟ್ಟುಕೊಂಡೇ ನಡುವಿನ ಚಕ್ರದಿಂದ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರ ತಿರುಗಿಸಿ ಸ್ಪಷ್ಟ ಮಾಡಿ. ಉಂಗುರ ನಿಂತ ಗುರುತನ್ನು ನೆನಪಿಡಿ. ಇದಾದ ಮೇಲೆ ನಡುವಿನ ಚಕ್ರ ಮಾತ್ರ ಸಾಕು. ಈ ಒಂದು ಕೆಲಸ ಮಾಡದೆ ‘ದುರ್ಬೀನು ಸರಿಯಿಲ್ಲ’ ಎಂದು ವಾಪಸು ಕಳಿಸುವವರೇ ಹೆಚ್ಚು.

ಆಮೇಲೆ ಆಕಾಶದ ಎದುರಿನ ಕರೆಂಟ್ ತಂತಿ ನೋಡಿ. ಕಣ್ಣಿಗೆ ಒತ್ತಿ ಹಿಡಿದ ದುರ್ಬೀನನ್ನು ಮೆಲ್ಲಗೆ ಕಣ್ಣಿನಿಂದ ಒಂದು ಗೇಣಿನಷ್ಟು ದೂರ ಸರಿಸಿ. ತಂತಿ ಎಡಬಲದಲ್ಲಿ ಮೇಲೆ ಕೆಳಗೆ ಮುರಿದಂತೆ ಕಂಡರೆ ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿಲ್ಲ. ಇದು ಕೊಲಿಮೇಶನ್ ದೋಷ. ಮಿದುಳು ಎರಡು ಚಿತ್ರಗಳನ್ನು ಬಲವಂತವಾಗಿ ಒಂದು ಮಾಡುತ್ತದೆ, ಹತ್ತು ನಿಮಿಷದಲ್ಲಿ ತಲೆ ಸಿಡಿಯುತ್ತದೆ. ನಿಮ್ಮ 20×50ರ ತಲೆನೋವಿಗೆ ನಡುಕದ ಜೊತೆ ಇದೂ ಕಾರಣ ಇರಬಹುದು, ಅದನ್ನೂ ಹೀಗೇ ನೋಡಿ. ಕೊನೆಗೆ ದುರ್ಬೀನನ್ನು ದೂರ ಹಿಡಿದು ಬೆಳಕಿನ ಬಿಲ್ಲೆ ನೋಡಿ. ದುಂಡಗಿದ್ದರೆ ಪ್ರಿಸಂ ಸರಿಯಿದೆ. ಅಂಚು ಕತ್ತರಿಸಿದಂತೆ ಚೌಕವಾಗಿ, ಬೂದಾಗಿ ಕಂಡರೆ, ಡಬ್ಬಿಯ ಮೇಲೆ ‘ಬ್ಯಾಕ್-4’ (ಒಳ್ಳೆಯ ದರ್ಜೆಯ ಪ್ರಿಸಂ ಗಾಜು) ಎಂದು ಬರೆದಿದ್ದರೂ ಒಳಗೆ ಕಡಿಮೆ ದರ್ಜೆಯದ್ದು ಇರುವ ಸಂಭವ ಹೆಚ್ಚು.

ಬೂಸ್ಟು. ನೈಟ್ರೋಜನ್ ಒಳಗಡೆ ಮಂಜು ಹಿಡಿಯುವುದನ್ನು ತಡೆಯುತ್ತದೆ, ಹೊರಗಿನ ಗಾಜನ್ನು ಅದು ಕಾಯುವುದಿಲ್ಲ. ಬೆರಳಚ್ಚಿನ ಜಿಡ್ಡು, ತೇವ, ಕತ್ತಲೆ ಮೂರೂ ಸಿಕ್ಕಿದ ಕಡೆ ಬೂಸ್ಟು ಬೆಳೆಯುತ್ತದೆ, ಬಲಿತ ಮೇಲೆ ಲೇಪವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಹೋಗುವುದಿಲ್ಲ. ಆದ್ದರಿಂದ ಜೊತೆಗೆ ಬಂದ ಬಟ್ಟೆಯ ಚೀಲದಲ್ಲಿ ಮಳೆಗಾಲ ಕಳೆಯಬೇಡಿ. ರಬ್ಬರ್ ಅಂಚಿನ, ಗಟ್ಟಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಒಳಗೆ 200 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ. ಮುಳ್ಳು ಶೇ. 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಬಣ್ಣ ಮರಳುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಒಳಗಿಡಿ. ಅಕ್ಕಿ ಹಾಕಿದರೆ ಧೂಳು, ನುಸಿಗುಳಿಗೆ ಇಟ್ಟರೆ ಅದರ ಆವಿ ಗಾಜಿನ ಮೇಲೆ ಕೂರುತ್ತದೆ, ಎರಡೂ ಬೇಡ. ಒದ್ದೆ ದುರ್ಬೀನನ್ನು ನೇರ ಡಬ್ಬಿಗೆ ಹಾಕಬೇಡಿ. ಫ್ಯಾನಿನ ಕೆಳಗೆ ಒಂದು ರಾತ್ರಿ ಆರಲಿ. ಅಡಿಕೆ ಒಣಗಿಸುವ ಹೊಗೆಯ ಅಟ್ಟದ ಹತ್ತಿರವೂ ಇಡಬೇಡಿ.

ಅಳಿವೆಯಿಂದ ಬಂದ ದಿನ ಹೊರಮೈಯನ್ನು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪು ತಿರುಗಣಿಯಲ್ಲಿ ಕೂರದಿರಲಿ. ಗಾಜಿಗೆ ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಲೆನ್ಸ್ ದ್ರವ ಮುಟ್ಟಿಸಿದ ಮೈಕ್ರೋಫೈಬರ್. ಮರಳ ಕಣ ಇರುವಾಗಲೇ ಪಂಚೆಯ ತುದಿಯಿಂದ ಉಜ್ಜುವುದು ಲೇಪಕ್ಕೆ ಮರಳುಕಾಗದ ಹಾಕಿದ ಹಾಗೆ.

ಹಳೆಯ 20×50ರ ರಿಪೇರಿಗೆ ದುಡ್ಡು ಹಾಕಬೇಡಿ, ಕೊಲಿಮೇಶನ್ ಸರಿಮಾಡುವ ಮಜೂರಿ ಅದರ ಬೆಲೆಯನ್ನೇ ಮೀರಬಹುದು. ಎರಡಾಗಿ ಕಾಣದಿದ್ದರೆ ಟ್ರೈಪಾಡಿಗೆ ಕಟ್ಟಿ ರಾತ್ರಿ ಚಂದ್ರನ ಕುಳಿಗಳನ್ನೂ ಗುರುವಿನ ಉಪಗ್ರಹಗಳನ್ನೂ ನೋಡಿ. ಎರಡಾಗಿ ಕಂಡರೆ ಒಂದು ಕಡೆ ಮುಚ್ಚಿಕೊಂಡು ನೋಡಿ, ಆ ಕೆಲಸಕ್ಕೆ ಅದು ಈಗಲೂ ಆಗುತ್ತದೆ. ಹಗಲಲ್ಲಿ ಮಕ್ಕಳ ಕೈಗೆ ಕೊಡುವುದಾದರೆ ಸೂರ್ಯನ ಕಡೆ ತಿರುಗಿಸದಂತೆ ಪಕ್ಕದಲ್ಲೇ ಇರಿ.